ಎಲ್ಲಕ್ಕೂ ಕೋಪವೆಂದೇ ಅರ್ಥವೇ? ಇಂಗ್ಲಿಷಿನ ಸಿಟ್ಟಿನ ಪದಗಳ ಕುರಿತು

ಹೊಸಓದು

ಕೆಲಸದ ನಿಮಿತ್ತ ದಿನವೂ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ವ್ಯಾಕರಣ ಅಷ್ಟಾಗಿ ಕಾಡುವುದಿಲ್ಲ, ಕಾಡುವುದು ಸಿಟ್ಟಿನ ಪದಗಳು. ನಿಘಂಟಿನಲ್ಲಿ 'ಆಂಗರ್' ಹುಡುಕಿದರೂ ಕೋಪ, 'ರೇಜ್' ಹುಡುಕಿದರೂ ಕೋಪ, 'ಫ್ಯೂರಿ', 'ರಾತ್' ಹುಡುಕಿದರೂ ಕೋಪವೇ. ಹಿಂದೆ 'ಕಡು', 'ಉಗ್ರ', 'ಮಹಾ' ಎಂದು ಏನಾದರೊಂದು ವಿಶೇಷಣ ಸೇರಿಸಿರುತ್ತಾರೆ, ಅಷ್ಟೇ. ಕಲಿಕೆಯ ಪುಸ್ತಕಗಳಲ್ಲಿ ಇವನ್ನು ಏಣಿಯ ಹಾಗೆ ಜೋಡಿಸಿರುವುದನ್ನೂ ನೋಡಿದ್ದೇನೆ. ತಳದಲ್ಲಿ 'ಇರಿಟೇಷನ್' ಮತ್ತು 'ಅನಾಯನ್ಸ್', ನಡುವೆ 'ಆಂಗರ್', ತುದಿಯಲ್ಲಿ 'ರೇಜ್', 'ಫ್ಯೂರಿ', 'ರಾತ್'.

ಆದರೆ ಆ ಏಣಿಯಲ್ಲಿ 'ಇಂಡಿಗ್ನೇಷನ್' ಮತ್ತು 'ರಿಸೆಂಟ್‌ಮೆಂಟ್' ಎಂಬ ಎರಡು ಪದಗಳಿಗೆ ಜಾಗ ಕೊಟ್ಟಿದ್ದನ್ನು ನಾನು ಕಂಡಿಲ್ಲ. ಅವು 'ಆಂಗರ್'ಗಿಂತ ಹೆಚ್ಚೋ ಕಡಿಮೆಯೋ? ಈ ಪದಗಳ ನಡುವಿನ ವ್ಯತ್ಯಾಸ ಬರೀ ಕಾವಿನದೇ, ಬೇರೆ ಏನಾದರೂ ಇದೆಯೇ? ತಿಳಿದವರು ಬಿಡಿಸಿ ಹೇಳಬೇಕು.

ತಿರುಳು

ಹೊಸಓದು ಅವರೇ, ಏಣಿಯಲ್ಲಿ ಜಾಗ ಸಿಗದ ಆ ಎರಡು ಪದಗಳೇ ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತಿವೆ. ಇಂಗ್ಲಿಷಿನ ಸಿಟ್ಟಿನ ಪದಗಳು ಕಾವಿನಿಂದ ಬೇರೆಯಾಗುವುದು ಸ್ವಲ್ಪ ಮಟ್ಟಿಗೆ ಮಾತ್ರ. ಅನ್ಯಾಯ ಆದದ್ದು ಯಾರಿಗೆ, ನ್ಯಾಯ ತನ್ನ ಕಡೆಗಿದೆ ಎಂಬ ನಂಬಿಕೆ ಇದೆಯೇ, ಸಿಟ್ಟು ಎಷ್ಟು ಕಾಲ ಉಳಿಯಿತು, ಹೊರಗೆ ಬಂತೇ ಒಳಗೇ ಉಳಿಯಿತೇ, ಸಿಟ್ಟಾದವನ ಕೈಯಲ್ಲಿ ಶಿಕ್ಷಿಸುವ ಬಲವಿದೆಯೇ ಎಂಬುದರಿಂದಲೇ ಪದ ನಿರ್ಧಾರವಾಗುತ್ತದೆ.

ಒಂದೇ ಘಟನೆಯನ್ನು ಇಟ್ಟುಕೊಂಡು ನೋಡೋಣ. ನೀವು ವಾರಗಟ್ಟಲೆ ಕುಳಿತು ಸಿದ್ಧಪಡಿಸಿದ ವರದಿಯನ್ನು ಸಹೋದ್ಯೋಗಿಯೊಬ್ಬ ಸಭೆಯಲ್ಲಿ ತನ್ನದೆಂಬಂತೆ ಮಂಡಿಸುತ್ತಾನೆ. ಮೊದಲ ಪುಟದಲ್ಲಿ ದೊಡ್ಡದಾಗಿ ಅವನ ಹೆಸರು. ಕೊನೆಯ ಪುಟದಲ್ಲಿ, 'ಸಹಕರಿಸಿದವರು' ಎಂಬ ಸಾಲಿನಲ್ಲಿ, ಇನ್ನೂ ನಾಲ್ಕು ಜನರ ನಡುವೆ ನಿಮ್ಮ ಹೆಸರು. ಅದನ್ನು ಕಂಡ ಕ್ಷಣ ನಿಮಗಾಗುವುದು 'ಆಂಗರ್'. ಇದಕ್ಕೆ ಯಾವ ಷರತ್ತೂ ಇಲ್ಲ, ಎಲ್ಲ ಬಗೆಯ ಸಿಟ್ಟಿಗೂ ಸಲ್ಲುವ ಪದ. ಕೈ ನಡುಗಿ, ಎದ್ದು ನಿಂತು, ಏನು ಹೇಳುತ್ತಿದ್ದೇನೆ ಎಂಬ ಅರಿವಿಲ್ಲದೆ ಕೂಗಾಡಿದರೆ ಅದು 'ರೇಜ್'. "ದುಡಿದವರ ಹೆಸರು ದುಡಿಮೆಯ ಮೇಲೆ ಇರಬೇಕು, ಇದು ಅನ್ಯಾಯ" ಎಂದು ಮನಸ್ಸು ತಲೆಯೆತ್ತಿ ನಿಂತರೆ ಅದು 'ಇಂಡಿಗ್ನೇಷನ್'. ನಿಮ್ಮ ಪಕ್ಕದಲ್ಲಿ ಕುಳಿತವನಿಗೆ ಈ ಪ್ರಕರಣದಲ್ಲಿ ಯಾವ ನಷ್ಟವೂ ಇಲ್ಲ, ಆದರೂ ಅವನು 'ಇಂಡಿಗ್ನೆಂಟ್' ಆಗಬಹುದು.

ಈಗ ನೀವು ಏನೂ ಹೇಳದೆ ಸುಮ್ಮನಾದಿರಿ ಎಂದುಕೊಳ್ಳಿ. ತಿಂಗಳುಗಳ ಮೇಲೆ ಅವನಿಗೆ ಬಡ್ತಿ ಸಿಗುತ್ತದೆ, ಅಭಿನಂದನೆಯ ಕಾರ್ಡು ಮೇಜಿನಿಂದ ಮೇಜಿಗೆ ಬರುತ್ತದೆ, ನಿಮ್ಮ ಪೆನ್ನು ಮೇಲೇಳುವುದಿಲ್ಲ. ಅದು 'ರಿಸೆಂಟ್‌ಮೆಂಟ್'. ಸಭೆಯ ದಿನದ ಸಿಟ್ಟಿಗೆ ಹೋಲಿಸಿದರೆ ಅದರಲ್ಲಿ ಕಾವು ಕಡಿಮೆಯೇ ಇರಬಹುದು. ಆದರೆ ಅದು ಆರಿಲ್ಲ. ಹೀಗಿರುವಾಗ ಏಣಿಯಲ್ಲಿ ಅದನ್ನು ಯಾವ ಮೆಟ್ಟಿಲಲ್ಲಿ ಇಡುತ್ತೀರಿ?

ಕಡಲಂಚು

ತಳದ ಎರಡು ಪದಗಳ ಬಗ್ಗೆ ನನ್ನದೊಂದು ಮಾತು. 'ಇರಿಟೇಷನ್' ಮೈಗೆ ಹತ್ತಿರದ ಪದ. ವೈದ್ಯರು ಚರ್ಮದ ತುರಿಕೆಗೆ, ಕಣ್ಣಿನ ಉರಿಗೆ ಬಳಸುವುದೂ ಅದನ್ನೇ. ನಿದ್ದೆ ಕೆಟ್ಟವನಿಗೆ ಯಾವ ಕಾರಣವೂ ಇಲ್ಲದೆ 'ಇರಿಟೇಷನ್' ಆಗಬಹುದು, ತಪ್ಪು ಯಾರದೂ ಆಗಿರಬೇಕಿಲ್ಲ. ನಮ್ಮ 'ಸಿಡುಕು' ಇದಕ್ಕೆ ಚೆನ್ನಾಗಿ ಹೊಂದುತ್ತದೆ. 'ಅನಾಯನ್ಸ್' ಎಂದಾಗ ಹೊರಗಿನ ಕಾರಣವೊಂದು ಎದುರಿಗಿರುತ್ತದೆ: ನಿಲ್ಲದ ಸದ್ದು, ಮಾತಿನ ನಡುವೆ ಬಾಯಿ ಹಾಕುವವರು, ತಪ್ಪಾಗಿ ಬರೆದ ಹೆಸರು. ಅದು 'ಕಿರಿಕಿರಿ'. ತಿರುಳು ಅವರ ಉದಾಹರಣೆಯಲ್ಲಿ ಆ ಸಹೋದ್ಯೋಗಿ ನಿಮ್ಮ ಹೆಸರಿನ ಕಾಗುಣಿತವನ್ನಷ್ಟೇ ತಪ್ಪಿಸಿದ್ದರೆ 'ಅನಾಯ್ಡ್' ಸಾಕಿತ್ತು. ಇವೆರಡರ ನಡುವಿನ ಗೆರೆ ಬಹಳ ತೆಳುವಾದದ್ದು, ದಿನನಿತ್ಯದ ಬರವಣಿಗೆಯಲ್ಲಿ ಒಂದರ ಬದಲು ಇನ್ನೊಂದು ಬಂದರೆ ಯಾರೂ ಆಕ್ಷೇಪಿಸುವುದಿಲ್ಲ.

ಮೌನಗಾನ

'ಇಂಡಿಗ್ನೇಷನ್' ಮತ್ತು 'ರಿಸೆಂಟ್‌ಮೆಂಟ್'ಗಳ ವಿಚಾರ ತತ್ವಶಾಸ್ತ್ರದಲ್ಲಿ ಸಾಕಷ್ಟು ಚರ್ಚೆಯಾಗಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಜೋಡಿ ಅರ್ಥವಾದರೆ ಉಳಿದದ್ದು ಸಲೀಸು.

ಬ್ರಿಟನ್ನಿನ ತತ್ವಜ್ಞಾನಿ ಪಿ. ಎಫ್. ಸ್ಟ್ರಾಸನ್ 1962ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ ಈ ಎರಡನ್ನೂ ಹೀಗೆ ಬೇರ್ಪಡಿಸಿದರು. ಒಬ್ಬರು ನನ್ನ ಬಗ್ಗೆ ಕೆಟ್ಟ ಮನಸ್ಸಿನಿಂದಲೋ ಅಸಡ್ಡೆಯಿಂದಲೋ ನಡೆದುಕೊಂಡಾಗ ನನ್ನಲ್ಲಿ ಹುಟ್ಟುವುದು 'ರಿಸೆಂಟ್‌ಮೆಂಟ್'. ಅದೇ ನಡತೆ ಬೇರೆಯವರ ಮೇಲೆ ಆದದ್ದನ್ನು ಕಂಡು ನನ್ನಲ್ಲಿ ಹುಟ್ಟುವುದು 'ಇಂಡಿಗ್ನೇಷನ್'. ನಾನೇ ಹಾಗೆ ನಡೆದುಕೊಂಡಾಗ ಆಗುವುದು 'ಗಿಲ್ಟ್', ಅಪರಾಧಿ ಭಾವ. ಮೂರಕ್ಕೂ ಬೇರು ಒಂದೇ, ನಾವು ಒಬ್ಬರಿಂದೊಬ್ಬರು ಬಯಸುವ ಸದ್ಭಾವ. ಅದಕ್ಕೆ ಪೆಟ್ಟು ಬಿದ್ದಾಗ ಯಾರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಪದ ಬದಲಾಗುತ್ತದೆ.

ಬಳಕೆಯ ಇಂಗ್ಲಿಷ್ ಇಷ್ಟು ಕಟ್ಟುನಿಟ್ಟಾಗಿಲ್ಲ ನಿಜ. ತನಗೇ ಆದ ಅವಮಾನಕ್ಕೂ 'ಇಂಡಿಗ್ನೆಂಟ್' ಎನ್ನುತ್ತಾರೆ. ಆದರೆ ಆಗಲೂ ಆ ಪದದಲ್ಲಿ "ಇದು ನನಗೆ ನೋವಾಯಿತು" ಎನ್ನುವುದಕ್ಕಿಂತ "ಇದು ಸಲ್ಲದು" ಎಂಬ ಧ್ವನಿ ಮೇಲಿರುತ್ತದೆ. ಲ್ಯಾಟಿನ್ನಿನ 'ಇಂಡಿಗ್ನಸ್' ಎಂದರೆ 'ತಕ್ಕದ್ದಲ್ಲದ', 'ಯೋಗ್ಯವಲ್ಲದ'. 'ಡಿಗ್ನಿಟಿ'ಯೂ ಅದೇ ಬೇರಿನದು. ಘನತೆಗೆ ತಕ್ಕುದಲ್ಲದ್ದು ನಡೆದಾಗ ಏಳುವ ಸಿಟ್ಟು ಇದು. ಅದಕ್ಕೇ ಇಂಗ್ಲಿಷಿನಲ್ಲಿ ಈ ಪದದ ಹಿಂದೆ 'ರೈಚಸ್' ಎಂಬ ವಿಶೇಷಣ ಅಷ್ಟು ಸುಲಭವಾಗಿ ಬಂದು ಕೂರುತ್ತದೆ. ಕನ್ನಡದಲ್ಲಿ ನಾವು 'ಸಾತ್ವಿಕ ಸಿಟ್ಟು' ಎನ್ನುತ್ತೇವಲ್ಲ, ಅದು ಇದಕ್ಕೆ ತುಂಬ ಹತ್ತಿರ.

'ರಿಸೆಂಟ್' ಬಂದದ್ದು ಫ್ರೆಂಚಿನಿಂದ. 'ಸಾಂತಿರ್' ಎಂದರೆ ಅನುಭವಿಸು, ಅದಕ್ಕೆ 'ರೆ' ಸೇರಿದೆ. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಉಪಕಾರವನ್ನು ಮನಸಾರೆ ನೆನೆಯುವುದಕ್ಕೂ ಈ ಪದವನ್ನು ಬಳಸುತ್ತಿದ್ದರು. ಕ್ರಮೇಣ ಒಳ್ಳೆಯ ಅರ್ಥ ಬಿದ್ದುಹೋಗಿ ಕಹಿ ಮಾತ್ರ ಉಳಿಯಿತು. ಪತ್ರಿಕೆಗಳಲ್ಲಿ "ಅಸಮಾಧಾನ ಹೊಗೆಯಾಡುತ್ತಿದೆ" ಎಂದು ಬರೆಯುತ್ತಾರೆ. ಆ ಹೊಗೆಯಾಡುವಿಕೆ ಇದೆಯಲ್ಲ, ಅದೇ 'ರಿಸೆಂಟ್‌ಮೆಂಟ್'.

ಹೊಸಓದು

ಮೌನಗಾನ ಅವರೇ, ಬಹಳ ಉಪಕಾರವಾಯಿತು. ಇನ್ನೊಂದು ಅನುಮಾನ. 'ರಿಸೆಂಟ್‌ಮೆಂಟ್' ಎಂದಾಗ ಒಂದು ಬಗೆಯ ಅಸಹಾಯಕತೆಯೂ ಕೇಳಿಸುತ್ತದೆ. ಮೇಲಧಿಕಾರಿಗೆ ಕೆಳಗಿನವರ ಮೇಲೆ 'ಆಂಗರ್' ಬರುತ್ತದೆ, ಕೆಳಗಿನವರಿಗೆ ಮೇಲಿನವರ ಮೇಲೆ 'ರಿಸೆಂಟ್‌ಮೆಂಟ್'. ಹೀಗೆ ಯೋಚಿಸುವುದು ಸರಿಯೇ?

ಮೌನಗಾನ

ಬಹುಮಟ್ಟಿಗೆ ಸರಿ. ಬಲವಿದ್ದವನು ಸಿಟ್ಟನ್ನು ಆಗಲೇ ತೀರಿಸಿಕೊಳ್ಳುತ್ತಾನೆ, ಅವನಲ್ಲಿ ಅದು ಸಂಗ್ರಹವಾಗುವುದಿಲ್ಲ. ತೀರಿಸಿಕೊಳ್ಳಲು ದಾರಿಯಿಲ್ಲದವನಲ್ಲಿ ಉಳಿಯುತ್ತದೆ. ಜರ್ಮನ್ ತತ್ವಜ್ಞಾನಿ ನೀಚೆ 1887ರಲ್ಲಿ ಇದನ್ನೇ ಹಿಡಿದು, ಎದುರಾಡಲಾಗದ ದುರ್ಬಲರ ಒಳಗುದಿಯು ಕೊನೆಗೆ ತನ್ನದೇ ನೀತಿಮೌಲ್ಯಗಳನ್ನು ಹುಟ್ಟಿಸುತ್ತದೆ ಎಂದು ವಾದಿಸಿದ. ಅವನು ಬರೆದದ್ದು ಜರ್ಮನ್ನಿನಲ್ಲಿ, ಆದರೆ ಈ ಭಾವಕ್ಕೆ ಫ್ರೆಂಚ್ ಪದವಾದ 'ರೆಸಾಂತಿಮಾಂ' ಅನ್ನೇ ಉಳಿಸಿಕೊಂಡ.

ಆದರೆ ನೀಚೆಯ ಈ ನೋಟವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಬ್ಬರ ಒಳಗುದಿಗೆ ನಿಜವಾದ ಅನ್ಯಾಯವೇ ಕಾರಣವಾಗಿರಬಹುದು. ಹೊರಗೆ ಹೇಳಿಕೊಳ್ಳಲು ಅವಕಾಶ ಸಿಗಲಿಲ್ಲ ಎಂಬ ಮಾತ್ರಕ್ಕೆ ಆ ಸಿಟ್ಟು ಸಣ್ಣತನವಾಗುವುದಿಲ್ಲ. ಇಂಗ್ಲಿಷ್ ಬಲ್ಲವರು ಈ ಎರಡು ಪದಗಳನ್ನು ತೀರ್ಪು ಕೊಡುವ ಸಾಧನವಾಗಿ ಬಳಸುವುದನ್ನು ಗಮನಿಸಿ. ತಮಗೆ ಮೆಚ್ಚಿಗೆಯಾದವರ ಸಿಟ್ಟು 'ಇಂಡಿಗ್ನೇಷನ್' ಆಗುತ್ತದೆ, ಮೆಚ್ಚಿಗೆಯಿಲ್ಲದವರ ಸಿಟ್ಟು 'ರಿಸೆಂಟ್‌ಮೆಂಟ್' ಆಗುತ್ತದೆ. ಓದುವಾಗ ಇದರ ಮೇಲೆ ಕಣ್ಣಿಟ್ಟಿರಬೇಕು.

ನಡುಹಗಲು

ಏಣಿಯನ್ನು ಪೂರ್ತಿ ಕೆಳಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾವಿನ ವ್ಯತ್ಯಾಸ ಇಂಗ್ಲಿಷಿನ ವ್ಯಾಕರಣದೊಳಗೇ ಇದೆ. 'ವೆರಿ ಆಂಗ್ರಿ' ಎನ್ನಬಹುದು, 'ಸ್ಲೈಟ್ಲಿ ಅನಾಯ್ಡ್' ಎನ್ನಬಹುದು. ಆದರೆ 'ವೆರಿ ಫ್ಯೂರಿಯಸ್' ಕಿವಿಗೆ ಒಗ್ಗುವುದಿಲ್ಲ, 'ಸ್ಲೈಟ್ಲಿ ಫ್ಯೂರಿಯಸ್' ಅಂತೂ ಆಗುವುದೇ ಇಲ್ಲ. ಅಲ್ಲಿ 'ಆಬ್ಸಲ್ಯೂಟ್ಲಿ ಫ್ಯೂರಿಯಸ್' ಎಂದೇ ಬರಬೇಕು. ಏಕೆಂದರೆ 'ಫ್ಯೂರಿಯಸ್' ಎಂಬುದರ ಹೊಟ್ಟೆಯಲ್ಲೇ 'ತುಂಬಾ' ಎಂಬುದು ಅಡಗಿದೆ. 'ಎನ್‌ರೇಜ್ಡ್', 'ಲಿವಿಡ್' ಕೂಡ ಇದೇ ಗುಂಪಿನವು. ಕಲಿಯುವವರಿಗೆ ಇದು ಬಹಳ ಉಪಯೋಗದ ಪರೀಕ್ಷೆ: 'ವೆರಿ' ಹಚ್ಚಿ ನೋಡಿ, ನಿಲ್ಲದಿದ್ದರೆ ಅದು ತುದಿಯ ಪದ.

ಕಾವಿನ ಕಲ್ಪನೆಯೂ ಬರೀ ಪಠ್ಯಪುಸ್ತಕದವರು ಹುಟ್ಟಿಸಿದ್ದಲ್ಲ. ಅಮೆರಿಕದ ಭಾಷಾಶಾಸ್ತ್ರಜ್ಞ ಜಾರ್ಜ್ ಲೇಕಾಫ್ ಮತ್ತು ಹಂಗೇರಿಯ ಝೋಲ್ಟಾನ್ ಕೊವೆಚೆಶ್ 1980ರ ದಶಕದಲ್ಲಿ ಇಂಗ್ಲಿಷಿನ ಸಿಟ್ಟಿನ ನುಡಿಗಟ್ಟುಗಳನ್ನು ಒಟ್ಟುಹಾಕಿ ನೋಡಿದರು. ಮುಚ್ಚಿದ ಪಾತ್ರೆಯೊಳಗೆ ಬಿಸಿಯೇರುತ್ತಿರುವ ದ್ರವ ಎಂಬ ಚಿತ್ರವೇ ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ ಎಂದು ತೋರಿಸಿದರು. ಕುದಿಯುವುದು, ಉಕ್ಕುವುದು, ಆವಿ ಬಿಡುವುದು, ಸ್ಫೋಟಿಸುವುದು. ಕನ್ನಡದಲ್ಲೂ ರಕ್ತ ಕುದಿಯುತ್ತದೆ, ಕೋಪ ಉಕ್ಕುತ್ತದೆ, ನೆತ್ತಿಗೇರುತ್ತದೆ, ಆಮೇಲೆ ಇಳಿಯುತ್ತದೆ. ಏಣಿ ಅಷ್ಟು ಸಹಜವೆನಿಸುವುದಕ್ಕೆ ಕಾರಣವಿದೆ.

ತಿರುಳು

ನಡುಹಗಲು ಅವರ 'ವೆರಿ' ಪರೀಕ್ಷೆಯನ್ನು ಒಪ್ಪುತ್ತೇನೆ. 'ಅನಾಯ್ಡ್', 'ಆಂಗ್ರಿ', 'ಫ್ಯೂರಿಯಸ್' ಈ ಮೂರಕ್ಕೆ ಏಣಿ ಸರಿಯಾಗಿ ನಿಲ್ಲುತ್ತದೆ. ಆದರೆ ತುದಿಯಲ್ಲಿ ಒಟ್ಟಿಗೆ ಗುಡ್ಡೆ ಹಾಕಿದ 'ರೇಜ್', 'ಫ್ಯೂರಿ', 'ರಾತ್'ಗಳನ್ನು ಕಾವಿನಿಂದ ಬೇರ್ಪಡಿಸಲು ಹೋದರೆ ಏಣಿ ಮುರಿಯುತ್ತದೆ. ಮೂರೂ ಕಾದ ಪದಗಳೇ, ಆದರೆ ಮೂರರ ಸ್ವಭಾವ ಬೇರೆ.

'ರೇಜ್' ಲ್ಯಾಟಿನ್ನಿನ 'ರೇಬೀಸ್' ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಹುಚ್ಚುನಾಯಿಯ ರೋಗಕ್ಕೆ ಇರುವ ಹೆಸರೇ ಅದು. ಹಿಡಿತ ತಪ್ಪುವುದೇ ಇದರ ಜೀವ. ರಸ್ತೆಯಲ್ಲಿ ವಾಹನ ಓಡಿಸುವವರು ಕೆರಳಿ ಹೊಡೆದಾಟಕ್ಕಿಳಿಯುವುದನ್ನು 'ರೋಡ್ ರೇಜ್' ಎಂದು ಕರೆಯುವ ರೂಢಿ 1980ರ ದಶಕದ ಅಮೆರಿಕದಲ್ಲಿ ಶುರುವಾಯಿತು. ಅಲ್ಲಿ 'ಆಂಗರ್' ಎಂದರೆ ಸಪ್ಪೆಯಾಗುತ್ತಿತ್ತು, 'ರಾತ್' ಎಂದರೆ ಹಾಸ್ಯಾಸ್ಪದವಾಗುತ್ತಿತ್ತು. ಇದು ಕ್ರಿಯಾಪದವಾಗಿಯೂ ನಡೆಯುತ್ತದೆ: ಬೆಂಕಿ, ಬಿರುಗಾಳಿ, ಯುದ್ಧ, ಸಾಂಕ್ರಾಮಿಕ ರೋಗ ಎಲ್ಲವೂ 'ರೇಜ್' ಆಗುತ್ತವೆ. ಯಾರ ಅಂಕೆಗೂ ಸಿಗದೆ ಹಬ್ಬುತ್ತವೆ ಎಂದರ್ಥ.

'ಫ್ಯೂರಿ'ಯ ಹಿಂದೆ ರೋಮನ್ನರ 'ಫ್ಯೂರಿ'ಗಳೆಂಬ ಸೇಡಿನ ದೇವತೆಗಳಿದ್ದಾರೆ. ಗ್ರೀಕರು ಅವರನ್ನು 'ಎರಿನಿಯಸ್' ಎಂದು ಕರೆಯುತ್ತಿದ್ದರು. ತಾಯಿಯನ್ನು ಕೊಂದ ಒರೆಸ್ಟಿಸ್‌ನನ್ನು ಊರೂರು ಅಟ್ಟಿಸಿಕೊಂಡು ಹೋದವರು ಅವರೇ. ಈಗಿನ ಬಳಕೆಯಲ್ಲಿ ಅನೇಕ ಕಡೆ 'ರೇಜ್' ಇದ್ದ ಜಾಗಕ್ಕೆ 'ಫ್ಯೂರಿ'ಯನ್ನು ತಂದಿಡಬಹುದು. ಆದರೂ 'ಫ್ಯೂರಿ' ಎಂದಾಗ ಎದುರಿಗಿರುವವರ ಮೇಲೆ ಎರಗುವ ರಭಸ ಹೆಚ್ಚು ಕಾಣುತ್ತದೆ ಎಂಬುದು ನನ್ನ ಓದಿನ ಅನುಭವ.

'ರಾತ್' ಬೇರೆಯೇ ಜಾತಿಯ ಪದ. ಹಳೆಯ ಇಂಗ್ಲಿಷಿನದು, ತಿರುಚಿಕೊಳ್ಳು ಎಂಬರ್ಥದ 'ರೈದ್' ಪದದ ನೆಂಟ. ಬೈಬಲ್ಲಿನ ಇಂಗ್ಲಿಷ್ ಅನುವಾದಗಳಲ್ಲಿ ದೇವರ ಕೋಪ ಎಂಬಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಕ್ರೈಸ್ತ ಪರಂಪರೆಯ ಏಳು ಮಹಾಪಾಪಗಳ ಪಟ್ಟಿಯಲ್ಲೂ ಲ್ಯಾಟಿನ್ನಿನ 'ಇರಾ'ಕ್ಕೆ ಇಂಗ್ಲಿಷಿನಲ್ಲಿ ನಿಂತದ್ದು 'ರಾತ್'. ಇದು ಮೇಲಿನಿಂದ ಕೆಳಗೆ ಇಳಿಯುವ ಸಿಟ್ಟು, ಶಿಕ್ಷಿಸುವ ಬಲ ಇದ್ದವರ ಸಿಟ್ಟು. ದೇವರಿಗೆ, ದೊರೆಗೆ, ನ್ಯಾಯಾಧೀಶರಿಗೆ ಇರುತ್ತದೆ. ಚುನಾವಣೆಯ ಹೊತ್ತಿನಲ್ಲಿ ಮತದಾರರಿಗೂ ಇರುತ್ತದೆ, ಏಕೆಂದರೆ ಆ ಒಂದು ದಿನ ಶಿಕ್ಷೆ ಅವರ ಕೈಯಲ್ಲಿರುತ್ತದೆ. ಇಂಗ್ಲಿಷ್ ಪತ್ರಿಕೆಗಳು ಯಾರೋ ಒಬ್ಬರ 'ರಾತ್' ಅನ್ನು 'ಇನ್‌ಕರ್' ಮಾಡಿಕೊಂಡರು ಎಂದು ಬರೆದಾಗ ನಾವು "ಕೆಂಗಣ್ಣಿಗೆ ಗುರಿಯಾದರು" ಎನ್ನುತ್ತೇವೆ. ಅಲ್ಲಿಯೂ ಕಣ್ಣು ಕೆಂಪಾದವರು ದೊಡ್ಡವರೇ ಆಗಿರುತ್ತಾರೆ. ಬಸ್ಸು ತಪ್ಪಿತೆಂದು ಒಬ್ಬರಿಗೆ 'ರೇಜ್' ಬರಬಹುದು, 'ರಾತ್' ಬರುವುದಿಲ್ಲ.

ಅಕ್ಷರದೀಪ

'ಔಟ್‌ರೇಜ್' ಬಗ್ಗೆ ಯಾರೂ ಹೇಳಲಿಲ್ಲ. ನೋಡಿದರೆ 'ಔಟ್' ಮತ್ತು 'ರೇಜ್' ಸೇರಿ ಆದಂತೆ ಕಾಣುತ್ತದೆ. ಹಾಗಲ್ಲ. ಲ್ಯಾಟಿನ್ನಿನ 'ಅಲ್ಟ್ರಾ', ಎಂದರೆ 'ಆಚೆಗೆ' ಎಂಬುದರಿಂದ ಹಳೆಯ ಫ್ರೆಂಚಿನಲ್ಲಿ ಹುಟ್ಟಿದ ಪದ ಅದು. ಮಿತಿ ಮೀರಿದ ನಡತೆ ಎಂಬುದೇ ಮೂಲ ಅರ್ಥ. ಈ ಕಾರಣದಿಂದ ಅದಕ್ಕೆ ಇಂದಿಗೂ ಎರಡು ಮುಖಗಳಿವೆ. ನಡೆದ ಕೃತ್ಯವೂ 'ಔಟ್‌ರೇಜ್', ಆ ಕೃತ್ಯ ಜನರಲ್ಲಿ ಎಬ್ಬಿಸಿದ ಸಿಟ್ಟೂ 'ಔಟ್‌ರೇಜ್'. ಮೇಲೆ ಬಂದ ಪದಗಳಲ್ಲಿ ಈ ಗುಣ ಇಷ್ಟು ಎದ್ದು ಕಾಣುವುದು ಅಪರೂಪ. ಅತ್ಯಾಚಾರ, ದೌರ್ಜನ್ಯಗಳ ವರದಿಗಳಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ನೋಡಿ ಅನುವಾದಿಸಬೇಕು. ಭಾವದ ಅರ್ಥದಲ್ಲಿ ನಮ್ಮ ಪತ್ರಿಕೆಗಳ 'ಆಕ್ರೋಶ' ಸರಿಯಾದ ಜೋಡಿ, ಏಕೆಂದರೆ ಎರಡೂ ಸಾಮಾನ್ಯವಾಗಿ ಗುಂಪಿನದು ಮತ್ತು ಬಹಿರಂಗದ್ದು. 'ಇಂಡಿಗ್ನೇಷನ್' ಒಬ್ಬರೇ ಕುಳಿತು ಮೌನವಾಗಿ ಅನುಭವಿಸಬಹುದಾದದ್ದು, 'ಔಟ್‌ರೇಜ್' ಬೀದಿಗೆ ಬರುತ್ತದೆ.

ಕಾನೂನಿನಲ್ಲಿಯೂ ಈ ಭೇದಗಳಿಗೆ ಬೆಲೆಯಿದೆ. ಥಟ್ಟನೆ ಕೆರಳಿ ಕೊಂದವನನ್ನೂ ಹಗೆಯಿಟ್ಟುಕೊಂಡು ಕಾದು ಕೊಂದವನನ್ನೂ ಇಂಗ್ಲಿಷ್ ಕಾನೂನು ಬಹಳ ಹಿಂದಿನಿಂದ ಬೇರೆಯಾಗಿಯೇ ಕಂಡಿದೆ. ಇಂಗ್ಲೆಂಡಿನಲ್ಲಿ 2009ರ ಕಾಯ್ದೆಯೊಂದು ಹಳೆಯ 'ಪ್ರವೊಕೇಷನ್' ವಾದವನ್ನು, ಎಂದರೆ ಕೆರಳಿಸಿದ್ದರಿಂದ ಕೊಂದೆ ಎಂಬ ವಾದವನ್ನು, ತೆಗೆದು 'ಲಾಸ್ ಆಫ್ ಕಂಟ್ರೋಲ್' ಎಂಬುದನ್ನು ತಂದಿತು. ಹಿಡಿತ ತಪ್ಪಿತು ಎಂದರಷ್ಟೇ ಅಲ್ಲಿ ಸಾಲದು. ಬೇರೆಯವರು ಮಾಡಿದ ಕೆಲಸದಿಂದ ಅಥವಾ ಆಡಿದ ಮಾತಿನಿಂದ ಕೆರಳಿದೆ ಎನ್ನುವವರಿಗೆ ತಮಗೆ ಗಂಭೀರ ಅನ್ಯಾಯವಾಗಿದೆ ಎಂಬ ಸಮರ್ಥನೀಯ ಭಾವನೆ ಉಂಟಾಗಿರಬೇಕು. ನನಗೆ ಇದರಲ್ಲಿ 'ರೇಜ್' ಮತ್ತು 'ಇಂಡಿಗ್ನೇಷನ್' ಎರಡನ್ನೂ ಒಟ್ಟಿಗೆ ಕೇಳಿದಂತೆ ಕಾಣುತ್ತದೆ.

ಮೌನಗಾನ

ಅಕ್ಷರದೀಪ ಅವರು ಹೇಳಿದ ಥಟ್ಟನೆಯ ಸಿಟ್ಟು, ನೆಲೆ ನಿಂತ ಸಿಟ್ಟು ಎಂಬ ವಿಭಾಗ ಹದಿನೆಂಟನೆಯ ಶತಮಾನದಲ್ಲೇ ಇತ್ತು. ಜೋಸೆಫ್ ಬಟ್ಲರ್ ಎಂಬ ಇಂಗ್ಲಿಷ್ ಪಾದ್ರಿ 1726ರಲ್ಲಿ ಪ್ರಕಟವಾದ ತನ್ನ ಉಪದೇಶಗಳಲ್ಲಿ ಇದನ್ನೇ ಮಾಡಿದ. ಥಟ್ಟನೆಯದು ಬರೀ ಪೆಟ್ಟು ಬಿದ್ದರೂ ಏಳುತ್ತದೆ, ನೆಲೆ ನಿಲ್ಲುವುದಕ್ಕೆ ಮಾತ್ರ ಅನ್ಯಾಯ ನಡೆದಿದೆ ಎಂಬ ಅರಿವು ಬೇಕು ಎಂದ. ಕಾಲಿಗೆ ಕಲ್ಲು ತಾಗಿದರೆ ಕಲ್ಲಿನ ಮೇಲೆ ಕ್ಷಣಕಾಲ ಸಿಟ್ಟು ಬರುತ್ತದೆ, ಆದರೆ ಕಲ್ಲಿನ ಮೇಲೆ ಯಾರೂ 'ಗ್ರಜ್', ಎಂದರೆ ಹಗೆ, ಇಟ್ಟುಕೊಳ್ಳುವುದಿಲ್ಲ.

'ಗ್ರಜ್' ಬಂದದ್ದರಿಂದ ನೆನಪಾಯಿತು, 'ಹೇಟ್ರೆಡ್' ಮತ್ತು 'ಕಂಟೆಂಪ್ಟ್' ಈ ಚರ್ಚೆಗೆ ಬೇಕೇ ಬೇಕು. ಅರಿಸ್ಟಾಟಲ್ ಕೋಪವನ್ನು ದ್ವೇಷದಿಂದ ಬೇರ್ಪಡಿಸಿದ ರೀತಿ ಇಂಗ್ಲಿಷಿನ 'ಆಂಗರ್' ಮತ್ತು 'ಹೇಟ್ರೆಡ್'ಗಳಿಗೆ ಹಾಗೆಯೇ ಹೊಂದುತ್ತದೆ. ಕೋಪ ಹುಟ್ಟುವುದು ತನಗೋ ತನ್ನವರಿಗೋ ಆದ ಅವಮಾನದಿಂದ, ಮತ್ತು ಅದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ. ದ್ವೇಷ ಒಂದು ವರ್ಗದ ಮೇಲೆಯೇ ಇರಬಹುದು, ಕಳ್ಳರೆಂದರೆ ಎಲ್ಲರೂ ದ್ವೇಷಿಸುವಂತೆ. ಕೋಪವನ್ನು ಕಾಲ ವಾಸಿಮಾಡುತ್ತದೆ, ದ್ವೇಷವನ್ನು ಮಾಡುವುದಿಲ್ಲ. ಕೋಪಗೊಂಡವನು ಎದುರಾಳಿ ಪ್ರತಿಯಾಗಿ ನೋಯಲಿ ಎನ್ನುತ್ತಾನೆ, ದ್ವೇಷಿಸುವವನು ಎದುರಾಳಿ ಇಲ್ಲವಾಗಲಿ ಎನ್ನುತ್ತಾನೆ. ಈ ಕೊನೆಯ ಭೇದ ನನಗೆ ಬಹಳ ಮುಖ್ಯವೆನಿಸುತ್ತದೆ. ಸಿಟ್ಟಿನಲ್ಲಿ ಇನ್ನೂ ಒಂದು ಸಂಬಂಧ ಉಳಿದಿರುತ್ತದೆ. "ನೀನು ಮಾಡಿದ್ದು ನಿನಗೆ ತಿಳಿಯಬೇಕು" ಎಂಬ ಹಟ ಅದು.

'ಕಂಟೆಂಪ್ಟ್' ಎಂದರೆ ಆ ಹಟವೂ ಹೋಗಿರುವುದು. ತಿರಸ್ಕಾರ, ತಾತ್ಸಾರ. ಸಿಟ್ಟಾದವನು ಎದುರಿನವನನ್ನು ಸಮಾನನೆಂದೇ ಎಣಿಸಿ ಜಗಳವಾಡುತ್ತಾನೆ, 'ಕಂಟೆಂಪ್ಟ್' ಇರುವವನು ಅವನನ್ನು ಜಗಳಕ್ಕೂ ಲಾಯಕ್ಕಿಲ್ಲವೆಂದು ಬದಿಗೆ ಸರಿಸುತ್ತಾನೆ. ಮುಖಭಾವಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಮೊದಲು ಆರು ಮೂಲಭಾವಗಳನ್ನು ಹೇಳಿ, ಆಮೇಲೆ 'ಕಂಟೆಂಪ್ಟ್' ಅನ್ನು ಸೇರಿಸಿದರು. ಅದರ ಗುರುತು ತುಟಿಯ ಒಂದೇ ಬದಿಯ ಮೂಲೆ ಬಿಗಿದು ಮೇಲೆ ಸರಿಯುವುದು. ಸಿಟ್ಟಿನ ಮುಖದಲ್ಲಿ ಹುಬ್ಬು ಗಂಟಿಕ್ಕಿ, ಕಣ್ಣು ಬಿರಿದು, ಎರಡೂ ತುಟಿ ಬಿಗಿಯುತ್ತವೆ. 'ಕಂಟೆಂಪ್ಟ್'ನಲ್ಲಿ ಮುಖದ ಮುಕ್ಕಾಲು ಭಾಗ ಏನೂ ಆಗದಂತೆ ಇರುತ್ತದೆ. ಆಪ್ತರ ನಡುವೆ ಸಿಟ್ಟಿಗಿಂತ ಈ ಅರೆತುಟಿಯ ಚಲನೆಯೇ ಹೆಚ್ಚು ನೋಯಿಸುತ್ತದೆ ಎಂದು ನಾನು ನಂಬಿದ್ದೇನೆ.

ಕಡಲಂಚು

ನಾನು ಹೇಳಬೇಕೆಂದುಕೊಂಡದ್ದು 'ಫ್ರಸ್ಟ್ರೇಷನ್' ಬಗ್ಗೆ. ಇದನ್ನು ಕನ್ನಡದಲ್ಲಿ ಎಲ್ಲರೂ 'ಹತಾಶೆ' ಎಂದು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹತಾಶೆ ಎಂದರೆ ಆಸೆ ಸತ್ತಿರುವುದು. 'ಫ್ರಸ್ಟ್ರೇಟ್' ಆದವನ ಆಸೆ ಸತ್ತಿಲ್ಲ, ಅವನು ಇನ್ನೂ ಬಾಗಿಲು ತಳ್ಳುತ್ತಲೇ ಇದ್ದಾನೆ, ಬಾಗಿಲು ತೆರೆಯುತ್ತಿಲ್ಲ. ಲ್ಯಾಟಿನ್ನಿನ 'ಫ್ರುಸ್ಟ್ರಾ' ಎಂದರೆ 'ವ್ಯರ್ಥವಾಗಿ'. ಗ್ರಾಹಕ ಸೇವೆಗೆ ಫೋನ್ ಮಾಡಿ, ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ, ಕೊನೆಗೆ ಕರೆ ಕಡಿದುಹೋಗಿ, ಮತ್ತೆ ಅದೇ ಸಂಖ್ಯೆಗೆ ಫೋನ್ ಮಾಡುವವನದು 'ಫ್ರಸ್ಟ್ರೇಷನ್'. ಅಲ್ಲಿ ಬೈಯಲು ಯಾರೂ ಇಲ್ಲದಿರಬಹುದು. 'ಆಂಗರ್'ಗೆ ಸಾಮಾನ್ಯವಾಗಿ ಒಬ್ಬ ತಪ್ಪಿತಸ್ಥ ಬೇಕು, ಇದಕ್ಕೆ ಒಂದು ಅಡ್ಡಿ ಸಾಕು. 'ಕೈಕಟ್ಟಿದಂತಾಗುವುದು' ಎಂದು ಬಿಡಿಸಿ ಬರೆದರೂ ಹತಾಶೆಗಿಂತ ಮೇಲು.

ಅದೇ ಅಡ್ಡಿಯು ಮತ್ತೆ ಮತ್ತೆ ಬಂದು ಸಹನೆ ಬತ್ತಿದಾಗ 'ಎಕ್ಸಾಸ್ಪರೇಷನ್'. ನಮ್ಮ 'ರೋಸಿಹೋಗುವುದು' ಇದಕ್ಕೆ ಅಳತೆ ಕೊಟ್ಟು ಮಾಡಿಸಿದಂತಿದೆ. ಒಂದೇ ಸಲದ ತಪ್ಪಿಗೆ ಯಾರೂ ರೋಸಿಹೋಗುವುದಿಲ್ಲ, ಆ ಪದಕ್ಕೆ ಹಿಂದಿನ ಲೆಕ್ಕ ಬೇಕು. ಮಗುವಿನ ಹಟಕ್ಕೆ ತಾಯಿ 'ಎಕ್ಸಾಸ್ಪರೇಟ್' ಆಗುತ್ತಾಳೆ, ಪ್ರೀತಿಗೇನೂ ಕೊರತೆಯಿಲ್ಲದೆಯೇ. ನಿಟ್ಟುಸಿರಿನೊಂದಿಗೆ ಬರುವ ಸಿಟ್ಟು ಅದು.

ನಡುಹಗಲು

ಅಟ್ಲಾಂಟಿಕ್ ಸಾಗರದ ಎರಡು ದಡಗಳ ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ. 'ಮ್ಯಾಡ್' ಎಂದರೆ ಬ್ರಿಟನ್ನಿನಲ್ಲಿ ಮೊದಲು ನೆನಪಾಗುವುದು ಹುಚ್ಚು, ಅಮೆರಿಕದಲ್ಲಿ ಸಿಟ್ಟು. ಆದರೆ ಸಿಟ್ಟಿನ ಅರ್ಥ ಅಮೆರಿಕದವರು ಹೊಸದಾಗಿ ಸೇರಿಸಿದ್ದಲ್ಲ, ಇಂಗ್ಲಿಷಿನಲ್ಲಿ ಶತಮಾನಗಳಿಂದ ಇದೆ. 'ಪಿಸ್ಡ್' ಎಂದರೆ ಬ್ರಿಟನ್ನಿನಲ್ಲಿ ಕುಡಿದು ಅಮಲೇರಿದವನು, ಅಮೆರಿಕದಲ್ಲಿ ಸಿಟ್ಟಾದವನು, ಎರಡೂ ಕಡೆ ಸಭ್ಯ ಬರವಣಿಗೆಗೆ ಸಲ್ಲದು. 'ಕ್ರಾಸ್' ಬ್ರಿಟನ್ನಿನವರ ಮನೆಯೊಳಗಿನ ಪದ, ಹೆಚ್ಚಾಗಿ ಮಕ್ಕಳೊಂದಿಗೆ ಆಡುವಂಥದ್ದು. 'ಲಿವಿಡ್' ಮೂಲದಲ್ಲಿ ಬಣ್ಣದ ಹೆಸರು, ಪೆಟ್ಟು ಬಿದ್ದು ಚರ್ಮ ನೀಲಿಗಟ್ಟಿದ ಬಣ್ಣ. ಸಿಟ್ಟಿನಿಂದ ಮುಖದ ಬಣ್ಣ ಕೆಟ್ಟವನನ್ನು ಹಾಗೆ ಕರೆದು ಕರೆದು ಕೊನೆಗೆ ಬಣ್ಣ ಮರೆತು ಸಿಟ್ಟೇ ಉಳಿಯಿತು.

ಹೊಸಓದು

ಇಷ್ಟೊಂದು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ಇನ್ನು ಎರಡೇ ಪ್ರಶ್ನೆಗಳು. ಒಂದು, 'ಆಂಗ್ರಿ' ಆದಮೇಲೆ 'ವಿತ್' ಬರಬೇಕೋ 'ಅಟ್' ಬರಬೇಕೋ? ಎರಡು, ಕಚೇರಿಯ ಪತ್ರದಲ್ಲಿ, ಕೊಟ್ಟ ಮಾತನ್ನು ಪದೇ ಪದೇ ಮುರಿಯುವ ಸಂಸ್ಥೆಯೊಂದಕ್ಕೆ ಬರೆಯುವಾಗ, ಇವುಗಳಲ್ಲಿ ಯಾವ ಪದ ಬಳಸಬೇಕು? 'ಅಪ್‌ಸೆಟ್' ಎಂದು ಬರೆಯುವವರನ್ನು ಬಹಳ ನೋಡಿದ್ದೇನೆ.

ತಿರುಳು

ಮೊದಲನೆಯದಕ್ಕೆ: ವ್ಯಕ್ತಿಯ ಮೇಲಾದರೆ 'ವಿತ್' ಅಥವಾ 'ಅಟ್', ಎರಡೂ ನಡೆಯುತ್ತವೆ. ವಿಷಯದ ಬಗ್ಗೆಯಾದರೆ 'ಅಬೌಟ್' ಅಥವಾ 'ಅಟ್'. 'ಮ್ಯಾಡ್' ಆದರೆ ವ್ಯಕ್ತಿಗೆ 'ಅಟ್'. 'ರಿಸೆಂಟ್' ನೇರವಾಗಿ ಕರ್ಮವನ್ನು ಹಿಡಿಯುತ್ತದೆ, ನಡುವೆ ಏನೂ ಬೇಡ. ಇನ್ನೊಂದು ಎಚ್ಚರ, 'ಆಂಗರ್' ಕ್ರಿಯಾಪದವಾದಾಗ ಅದರ ಅರ್ಥ ಸಿಟ್ಟಾಗು ಎಂದಲ್ಲ, ಸಿಟ್ಟುಬರಿಸು ಎಂದು. "ನಾನು ಸಿಟ್ಟಾದೆ" ಎನ್ನಲು 'ಐ ಆಂಗರ್ಡ್' ಎಂದು ಬರೆದರೆ ಓದುವವರು "ಯಾರನ್ನು?" ಎಂದು ಕೇಳುತ್ತಾರೆ.

ಎರಡನೆಯದಕ್ಕೆ: 'ಅಪ್‌ಸೆಟ್' ಬೇಡ. ಅದರಲ್ಲಿ ದುಃಖವೂ ಇದೆ, ಸಿಟ್ಟೂ ಇದೆ, ಯಾವುದು ಎಷ್ಟೆಂದು ಓದುವವರಿಗೆ ತಿಳಿಯುವುದಿಲ್ಲ, ಅವರು ನಿಮ್ಮನ್ನು ಸಮಾಧಾನಪಡಿಸಲು ಹೊರಡುತ್ತಾರೆ. 'ಫ್ಯೂರಿಯಸ್' ಬೇಡ, ಪತ್ರದ ವಿಷಯ ಅವರ ತಪ್ಪಿನ ಬದಲು ನಿಮ್ಮ ಸಿಟ್ಟಾಗಿಬಿಡುತ್ತದೆ. ನೀವು ಹೇಳಿದ ಪರಿಸ್ಥಿತಿಗೆ, ಪದೇ ಪದೇ ಆಗಿರುವುದರಿಂದ, 'ಎಕ್ಸಾಸ್ಪರೇಟೆಡ್' ನಿಖರವಾಗಿ ಕೂರುತ್ತದೆ.

ಮೌನಗಾನ

ತಿರುಳು ಅವರ ಮಾತಿಗೆ ಒಂದು ಸೇರ್ಪಡೆ. 'ಎಕ್ಸಾಸ್ಪರೇಟೆಡ್' ಬರೆದ ಮರುಸಾಲಿನಲ್ಲೇ ಅವರು ಮಾತು ಕೊಟ್ಟ ದಿನಾಂಕಗಳನ್ನು ಬರೆಯಿರಿ. 'ಇಂಡಿಗ್ನೆಂಟ್' ಎಂಬುದನ್ನು ಮಾತ್ರ ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳಬೇಡಿ. ನ್ಯಾಯ ನಿಮ್ಮ ಕಡೆಗಿದೆ ಎಂಬುದನ್ನು ಆ ದಿನಾಂಕಗಳೇ ಹೇಳುತ್ತವೆ.

ಹೊಸಓದು

ಹಾಗೆಯೇ ಮಾಡುತ್ತೇನೆ. ಪತ್ರ ಇಂದೇ ಹೋಗುತ್ತದೆ.